ಮುಂದಿನ ಸಾಲಿನ ಹೆಂಚು

ಬ್ಯಾಟರಾಯಪ್ಪ ಅವತ್ತು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಸೊಸೆ ಶಶಿರೇಖಾ ಬೆಳಿಗ್ಗೆ ಚಪಾತಿ ಡಬ್ಬಿಗಳನ್ನು ಸ್ಕೂಟಿಗೆ ಕಟ್ಟುತ್ತಲೇ ಬಿಡಿಸಿ ಬಿಡಿಸಿ ಹೇಳಿದ್ದಳು.

"ಮಾವ, ಇನ್ಶೂರೆನ್ಸ್ ಕಂಪನಿಯವರು ಮಧ್ಯಾಹ್ನ ಸೂರು ನೋಡೋಕೆ ಬರ್ತಾರೆ. ಅಷ್ಟ್ರಲ್ಲಿ ನಾನ್ ವಾಪಸ್ ಬಂದಿರ್ತೀನಿ. ಮುಂಚೆ ಬಂದ್ರೆ ಕೂರ್ಸಿ, ನೀರ್ ಕೊಡಿ. ನೀವೇನೂ ಮಾತಾಡ್ಬೇಡಿ."

"ನನ್ ಮನೇಲಿ ನಾನ್ ಮಾತಾಡ್‌ಬ್ಯಾಡ್ವಾ?"

"ಬೇಡ."

"ನೋಡ್ದೇನೇ ಇವ್ಳ ದಿಮಾಕು!" ಎಂದು ಮುದುಕ ಹೆಂಡತಿ ಮುನಿಕೆಂಪಮ್ಮನ ಕಡೆ ತಿರುಗಿದ. ಅವಳು ಸೊಪ್ಪು ಬಿಡಿಸುತ್ತ ಕೂತಿದ್ದಳು. ಸೊಪ್ಪು ಬಿಡಿಸುವಾಗ ಅವಳು ಯಾರ ಪರವೂ ಅಲ್ಲ.

ಹಿಂದಿನ ವಾರ ಎದ್ದ ಮೇ ತಿಂಗಳ ಗಾಳಿಮಳೆ ಪುಟ್ಟೇನಹಳ್ಳಿಯ ಆ ಹೆಂಚಿನ ಮನೆಯ ಸೂರನ್ನು ಹಪ್ಪಳದ ಹಾಗೆ ಎತ್ತಿ ಒಗೆದಿತ್ತು. ಅಡುಗೆಮನೆ, ನಡುಮನೆ, ಶಶಿರೇಖಾ ಮತ್ತು ಅವಳ ಗಂಡ ಯೋಗಾನಂದ ಮಲಗುವ ಕೋಣೆ, ಮೂರಕ್ಕೂ ಆಕಾಶವೇ ಗತಿ. ಮಾವ ಮಲಗುವ ಮುಂದಿನ ಕೋಣೆಯ ಅರ್ಧ ಸೂರು ಉಳಿದಿತ್ತು. ಬೀದಿಗೆ ಕಾಣುವ ಮುಂದಿನ ಸಾಲಿನ ಹೆಂಚು ಮಾತ್ರ ಒಂದೂ ಅಲುಗದೆ ನಿಂತಿತ್ತು. ಯಾಕೆಂದರೆ ಅದನ್ನು ಬ್ಯಾಟರಾಯಪ್ಪ ಕೈಯಾರೆ ತಂತಿ ಹಾಕಿ ಬಿಗಿದಿದ್ದ. ಅದಕ್ಕೂ ಒಂದು ಕಾರಣ ಇತ್ತು.

ವಿಮೆ ಬಂದದ್ದು ಯೋಗಾನಂದನ ಗಾಡಿಯಿಂದ. ಯಶವಂತಪುರದ ಯಾರ್ಡಿನಿಂದ ಈರುಳ್ಳಿ ಸಾಗಿಸಲು ಗೂಡ್ಸ್ ಗಾಡಿ ಕೊಳ್ಳುವಾಗ ಅವನು ಮನೆ ಪತ್ರ ಇಟ್ಟು ಸಾಲ ಎತ್ತಿದ್ದ. ಸಾಲ ಕೊಟ್ಟವರು ಮನೆಗೂ ಒಂದು ವಿಮೆ ಗಂಟುಹಾಕಿ ಕಳಿಸಿದ್ದರು. ಮನೆ ಅಪ್ಪನ ಹೆಸರಲ್ಲಿ, ಹಾಗಾಗಿ ವಿಮೆಯೂ ಅಪ್ಪನ ಹೆಸರಲ್ಲಿ. "ಗಾಳೀಗೂ ಕಂದಾಯ ಕಟ್ತವ್ನೆ ನನ್ ಮಗ" ಎಂದು ಮುದುಕ ವರ್ಷಕ್ಕೊಮ್ಮೆ ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದ. ಈಗ ಆ ಕಂದಾಯವೇ ಸೂರು ಹಾಕಿಸಿಕೊಡುವ ಕಾಲ ಬಂದಿತ್ತು. ಸೂರು ಬೇಗ ಬರಬೇಕಿತ್ತು. ಶಶಿರೇಖಾ ಸುತ್ತಲಿನ ಪಿಜಿಗಳಿಗೆ ದಿನಾ ಚಪಾತಿ ಮಾಡಿ ಕೊಡುತ್ತಿದ್ದಳು. ಮಳೆಗಾಲದಲ್ಲಿ ಸೂರಿಲ್ಲದ ಅಡುಗೆಮನೆಯಲ್ಲಿ ಹಿಟ್ಟು ಕಲಸಿದರೆ ಅದು ಅಂಬಲಿ ಆಗುತ್ತದೆ, ಚಪಾತಿ ಆಗುವುದಿಲ್ಲ.

ಕಂಪನಿಯ ಹುಡುಗ ಜೀಷಾನ್ ಹೇಳಿದ ಹೊತ್ತಿಗಿಂತ ಮೊದಲೇ ಬಂದ. ಬೆನ್ನಿಗೆ ಚೀಲ, ಕೈಯಲ್ಲಿ ಟೇಪು.

ಆ ಟೇಪು ನೋಡಿದ್ದೇ ತಡ, ಬ್ಯಾಟರಾಯಪ್ಪ ಜಗಲಿಯಿಂದ ಎದ್ದು ನಿಂತು ಪಂಚೆ ಸರಿಮಾಡಿಕೊಂಡ.

ಪುಟ್ಟೇನಹಳ್ಳಿಗೆ ಟೇಪು ಹಿಡಿದು ಬಂದವರು ಒಬ್ಬಿಬ್ಬರಲ್ಲ. ಬಡಾವಣೆ ಮಾಡುವವರು, ರಸ್ತೆ ಅಗಲ ಮಾಡುವವರು, ಕೆರೆ ಗಡಿ ಗುರುತು ಹಾಕುವವರು. ಹಿಂದೊಮ್ಮೆ ಬಡಾವಣೆಯವರು ಬಂದು ಕೇಳಿದಾಗ ಬ್ಯಾಟರಾಯಪ್ಪನ ಅಣ್ಣ "ಓದ್ ವರ್ಸ ಕಟ್ಟಿದ್ದು ಸ್ವಾಮಿ, ಒಸ ಮನೆ" ಎಂದು ಹೆಮ್ಮೆಯಿಂದ ಹೇಳಿದ್ದ. ಹಳೇ ಮನೆಗಳನ್ನು ಊರಿನ ಮನೆ ಎಂದು ಬಿಟ್ಟರು, ಹೊಸದನ್ನು ಬಡಾವಣೆ ಜಾಗದಲ್ಲಿ ಕಟ್ಟಿದ್ದು ಎಂದು ಕಿತ್ತುಕೊಂಡರು. ಅಣ್ಣ ಆ ಕೊರಗಿನಲ್ಲೇ ಸತ್ತ. ಅಂದಿನಿಂದ ಟೇಪು ಹಿಡಿದವನು ಯಾವನೇ ಬರಲಿ, ಬ್ಯಾಟರಾಯಪ್ಪನದು ಒಂದೇ ಪಾಠ.

"ನಮ್ಮಪ್ಪನ ಕಾಲದ ಸೂರು ಸ್ವಾಮಿ. ಒಂದ್ ಎಂಚೂ ಬದಲಾಯ್ಸಿಲ್ಲ, ಒಂದ್ ತೊಲೇನೂ ಮುಟ್ಟಿಲ್ಲ. ಬೇಕಾರೆ ಮುಂದಿನ್ ಸಾಲ್ ನೋಡಿ, ಕಾರ್ಖಾನೆ ಮುದ್ರೆ ಐತೆ."

ಜೀಷಾನ್ ನೋಡಿದ. ಮುದ್ರೆಯೂ ಇತ್ತು, ಪಾಚಿಯೂ ಇತ್ತು. ಫೋಟೋ ಹೊಡೆದುಕೊಂಡ. "ಏನೂ ರಿಪೇರಿ ಮಾಡ್ಸಿಲ್ವಾ ತಾತ? ಯಾವತ್ತೂ?"

"ಯಾವತ್ತೂ ಇಲ್ಲ."

"ಇಲ್ಲಿ ಬೆರಳಲ್ಲಿ ಸೈನ್ ಮಾಡಿ."

ಬ್ಯಾಟರಾಯಪ್ಪ ಹುಡುಗ ಚಾಚಿದ ಫೋನಿನ ಗಾಜಿನ ಮೇಲೆ ಬೆರಳು ಎಳೆದ. ಮನೆ ಉಳಿಸಿಕೊಂಡೆ ಎಂಬ ಸಮಾಧಾನ ಅವನ ಮುಖದಲ್ಲಿತ್ತು.

ನಿಜ ಏನೆಂದರೆ, ಅಪ್ಪನ ಕಾಲದ ಸೂರು ಶಿಲ್ಪ ಹೈಸ್ಕೂಲಿನಲ್ಲಿದ್ದಾಗಲೇ ಕೊಳೆತು ಇಳಿದಿತ್ತು. ಶಿಲ್ಪ ಶಶಿರೇಖಾಳ ಮಗಳು, ಈಗ ಬಿಕಾಂ ಓದುತ್ತಾಳೆ. ಹೊಸ ಮರ, ಹೊಸ ಹೆಂಚು ಹಾಕಿಸಿದ್ದು ಶಶಿರೇಖಾ. ದುಡ್ಡು ಎಲ್ಲಿಂದ ಬಂತು? ರಾಜಾನುಕುಂಟೆಯ ಅವಳ ತವರಿನವರು ಹೊಲವನ್ನು ಲೇಔಟಿಗೆ ಮಾರುವಾಗ, "ನಂಗೇನೂ ಬೇಡ" ಎಂದು ಸಹಿ ಹಾಕು ಬಾ ಅಂದರು. ಅವಳು "ನನ್ ಪಾಲು ಕೊಡಿ, ಹಾಕ್ತೀನಿ" ಅಂದಳು. ಅಣ್ಣ ಸುಬ್ರಮಣಿ ಹಲ್ಲು ಕಚ್ಚಿಕೊಂಡು ಚೂರುಪಾರು ಕೊಟ್ಟ, ಸಹಿ ಹಾಕಿಸಿಕೊಂಡ, ಬಾಗಿಲು ಹಾಕಿಕೊಂಡ. ಅವತ್ತಿನಿಂದ ಗೌರಿ ಹಬ್ಬಕ್ಕೆ ಬಾಗಿನ ಇಲ್ಲ, ಯುಗಾದಿಗೆ ಕರೆ ಇಲ್ಲ. ತವರು ಕೊಟ್ಟು ಸೂರು ಕೊಂಡವಳು ಅವಳು.

ಆ ಸೂರು ಹಾಕಿಸುವಾಗಲೂ ಮುದುಕ ಹಟ ಹಿಡಿದು ಕೂತಿದ್ದ. ಮುಂದಿನ ಸಾಲಿಗೆ ಅಪ್ಪನ ಹಳೇ ಹೆಂಚೇ ಬೇಕು, ಟೇಪಿನವರಿಗೆ ತೋರಿಸಬೇಕು. ಉಳಿದ ಹಳೇ ಹೆಂಚನ್ನು ಹಿತ್ತಲಲ್ಲಿ ಪೇರಿಸಿಟ್ಟಿದ್ದ. ಹೋಗಲಿ ಪಾಪ, ಒಂದು ಸಾಲು ತಾನೇ ಎಂದು ಅವಳು ಬಿಟ್ಟಿದ್ದಳು. ಬಿಟ್ಟಿದ್ದೇ ತಪ್ಪಾಯಿತು.

ಶಶಿರೇಖಾ ಖಾಲಿ ಡಬ್ಬಿಗಳ ಜೊತೆ ಬರುವ ಹೊತ್ತಿಗೆ ಜೀಷಾನ್ ಬೈಕು ಸ್ಟಾರ್ಟ್ ಮಾಡುತ್ತಿದ್ದ. ವಿಷಯ ತಿಳಿದು ಅವಳು ಬೈಕಿಗೆ ಅಡ್ಡ ನಿಂತಳು.

"ಸಾರ್, ಅದು ಹೊಸ ಸೂರು! ನಾನೇ ಹಾಕ್ಸಿದ್ದು!"

"ಓನರ್ ಸ್ಟೇಟ್‌ಮೆಂಟ್ ಆಗೋಯ್ತು ಮೇಡಂ. ಬಿಲ್ ಇದ್ರೆ ಕಳ್ಸಿ, ಅಟ್ಯಾಚ್ ಮಾಡ್ತೀನಿ."

ಬಿಲ್ಲು ಇರಲಿಲ್ಲ. ಬಿಲ್ಲು ಹಾಕಿಸಿದರೆ ಟ್ಯಾಕ್ಸ್ ಬೀಳುತ್ತದೆ ಎಂದು ಬೇಡ ಅಂದವನು ಯೋಗಾನಂದ. ಬುದ್ಧಿವಂತ!

ಸಂಜೆ ಟಾರ್ಪಾಲಿನ ಕೆಳಗೆ ಎಲ್ಲರೂ ಉಣ್ಣಲು ಕೂತರು. ಮುದ್ದೆ, ಉಪ್ಸಾರು. ಟಾರ್ಪಾಲಿನ ನೀಲಿ ಬಣ್ಣ ಎಲ್ಲರ ಮುಖದ ಮೇಲೂ ಬಿದ್ದು ಮನೆ ಮಂದಿಯೆಲ್ಲ ಕಾಯಿಲೆ ಬಿದ್ದವರ ಹಾಗೆ ಕಾಣುತ್ತಿದ್ದರು.

"ನಿಮ್ಮಪ್ಪನ ಕಾಲದ ಸೂರಾ?" ಎಂದಳು ಶಶಿರೇಖಾ. ಮುದ್ದೆಯನ್ನು ಮಾವನ ತಟ್ಟೆಗೆ ಎತ್ತಿ ಹಾಕಿದ ರಭಸಕ್ಕೆ ಸಾರು ಹಾರಿತು. "ನಾನ್ ತವರ್ ಕಳ್ಕೊಂಡು ಹಾಕ್ಸಿದ್ದು. ಒಂದ್ ಬೆರಳಲ್ಲಿ ಅಳ್ಸಾಕ್ಬಿಟ್ರಿ."

"ಟೇಪ್ ಇಡ್ಕಂಡ್ ಬಂದಿದ್ದ ಕಣಮ್ಮ. ನಿಂಗೇನ್ ಗೊತ್ತು ಟೇಪಿನೋರ ಆಟ? ನಮ್ಮಣ್ಣನ್ ಮನೆ ಎಂಗ್ ಓಯ್ತು ಗೊತ್ತಾ?"

"ಅವರು ಮನೆ ಕಿತ್ಕೊಳೋಕೆ ಬಂದಿದ್ರು ತಾತ, ಇವರು ದುಡ್ಡು ಕೊಡೋಕೆ ಬಂದಿದ್ರು!" ಎಂದಳು ಶಿಲ್ಪ.

"ಬಂದು ಬಂದು ನಂಗೆ ದುಡ್ ಕೊಡಾಕ್ ಯಾವನ್ ಬತ್ತಾನೆ? ಪ್ರಪಂಚದಲ್ಲಿ ಯಾವನಾರ ಟೇಪ್ ತಗಂಬಂದು ದುಡ್ ಕೊಟ್ಟವ್ನಾ?"

ಯೋಗಾನಂದ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ಅಪ್ಪ ಮತ್ತು ಹೆಂಡತಿ ಎದುರುಬದುರು ಆದಾಗಲೆಲ್ಲ ಅವನಿಗೆ ಎಲ್ಲಿಲ್ಲದ ಹಸಿವು.

"ನೀವಾದ್ರೂ ಬಾಯ್ಬಿಡ್ರೀ" ಎಂದು ಶಶಿರೇಖಾ ಅವನನ್ನೂ ತಿವಿದಳು.

"ನಾನೇನ್ ಹೇಳ್ಲಿ? ಅಪ್ಪ ವಯಸ್ಸಾದೋರು..."

"ವಯಸ್ಸಾದೋರ್ಗೆ ಸುಳ್ಳು ಹೇಳೋಕ್ ಮಾತ್ರ ಶಕ್ತಿ ಇರ್ತದಾ?"

"ಯಾರ್ನೇ ಸುಳ್ಳ ಅಂತೀಯಾ!" ಮುದುಕ ಅರ್ಧ ಮುದ್ದೆ ಬಿಟ್ಟು ಎದ್ದ. ಮುನಿಕೆಂಪಮ್ಮ ಆ ಅರ್ಧ ಮುದ್ದೆಯನ್ನು ತಟ್ಟೆ ಸಮೇತ ಎತ್ತಿಟ್ಟಳು. ರಾತ್ರಿ ಹಸಿವಾಗಿ ಕೇಳಿಯೇ ಕೇಳುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಜೂನ್ ಹೊತ್ತಿಗೆ ಕಂಪನಿಯಿಂದ ಉತ್ತರ ಬಂತು. ಶಿಲ್ಪ ಫೋನಿನಲ್ಲಿ ಓದಿ ಹೇಳಿದಳು. ಸೂರು ಬಹಳ ಹಳೆಯದು ಎಂದು ಮಾಲೀಕರೇ ಒಪ್ಪಿದ್ದಾರೆ, ಬಿದ್ದದ್ದು ಗಾಳಿಯಿಂದಲ್ಲ, ಸವೆದು. ಆದ್ದರಿಂದ ಪರಿಹಾರ ಇಲ್ಲ.

ಶಶಿರೇಖಾ ಫೋನು ಕಿತ್ತುಕೊಂಡು ಕಂಪನಿಗೆ ಹಚ್ಚಿದಳು. ಕನ್ನಡಕ್ಕೆ ಎರಡು ಒತ್ತಿದಳು. ಸಂಗೀತ ಕೇಳಿಸಿದರು. ಚಪಾತಿ ಹಿಟ್ಟು ಕಲಸಿ ಮುಗಿದರೂ ಸಂಗೀತ ಮುಗಿಯಲಿಲ್ಲ. ಕೊನೆಗೆ ಒಬ್ಬಳು ಸಿಕ್ಕಿದಳು. ಹೊಸ ಸೂರಿನ ಹಳೇ ಫೋಟೋ ನಮ್ಮ ಹತ್ತಿರ ಇದೆ ಎಂದು ಶಶಿರೇಖಾ ಬಡಬಡನೆ ಹೇಳಿದಳು.

"ಫೋಟೋ ಕಳ್ಸಿ ಮೇಡಂ. ಆದ್ರೆ ಓನರ್ ಸೈನ್ ಮಾಡಿರೋ ಸ್ಟೇಟ್‌ಮೆಂಟ್ ಬೇರೆ ಹೇಳ್ತಿದೆ. ಅವರೇ ಆಫೀಸಿಗೆ ಬಂದು, ಮುಂಚೆ ಹೇಳಿದ್ದು ತಪ್ಪು ಅಂತ ಹೇಳ್ಬೇಕು."

"ಕೇಳಿಸ್ತಾ ಮಾವ?" ಎಂದಳು ಶಶಿರೇಖಾ.

"ಕೇಳುಸ್ತು. ಬರಾಕಿಲ್ಲ. ಏಳಿದ್ ಮಾತ್ನ ವಾಪಸ್ ತಗಂಡ್ರೆ ನಾಳೆ ಆ ಕಾಗ್ದ ಬಡಾವಣೆಯೋರ್ ಕೈಗೆ ಓಗ್ತೈತೆ. ಆಮೇಲ್ ಸೂರೂ ಇಲ್ಲ, ಗೋಡೇನೂ ಇಲ್ಲ."

"ಹೋಗಲ್ಲ ತಾತ, ಅವರಿಗೂ ಇವರಿಗೂ ಸಂಬಂಧಾನೇ ಇಲ್ಲ," ಎಂದಳು ಶಿಲ್ಪ.

"ಎಲ್ಲಾ ಅಣ್ತಮ್ಮಂದಿರೇ. ನೀನ್ ಸುಮ್ಕಿರು."

ಆವತ್ತೇ ಶಶಿರೇಖಾ ಎದ್ದಳು. ಗ್ಯಾಸ್ ಸ್ಟೌ, ಲಟ್ಟಣಿಗೆ, ಮಣೆ, ತನ್ನ ಪಾತ್ರೆ ಎಲ್ಲ ಎತ್ತಿಕೊಂಡು ಹೋಗಿ ತಮ್ಮ ಕೋಣೆಯ ಮೂಲೆಯಲ್ಲಿ ಹೂಡಿದಳು. ಬೇರೆ ಒಲೆ. ಹಳ್ಳಿ ಮನೆಯಲ್ಲಿ ಒಲೆ ಬೇರೆ ಆಯಿತು ಅಂದರೆ ಮನೆ ಬೇರೆ ಆದ ಹಾಗೆಯೇ. ಮುನಿಕೆಂಪಮ್ಮ ಎದೆ ಎದೆ ಬಡಿದುಕೊಂಡಳು.

"ನಾನ್ ಬದ್ಕಿರೋಗಂಟ ಈ ಮನೇಲಿ ಎಲ್ಡ್ ಒಲೆ ಉರೀಬಾರ್ದು ಕಣಮ್ಮಿ!"

"ಅದನ್ನ ನಿಮ್ಮ ಯಜಮಾನ್ರಿಗೆ ಹೇಳಿ ಅತ್ತೆ. ಅವರಪ್ಪನ ಸೂರಿನ ಕೆಳಗೆ ಅವರಿಗೆ ಬೇಯ್ಸಿ. ನಂಗೆ ಸೂರಿಲ್ಲ, ಟಾರ್ಪಾಲ್ ಇದೆ. ಅದರ ಕೆಳಗೆ ನಾನ್ ಬೇಯ್ಸ್ಕೋತೀನಿ."

ಮುನಿಕೆಂಪಮ್ಮ ಮಂಡಿನೋವು ಕಟ್ಟಿಕೊಂಡು ಗಂಡನಿಗೆ ಮುದ್ದೆ ತಿರುವಿದಳು. ಗಂಟುಗಂಟು. ಮುದುಕ ಗೊಣಗಿಕೊಂಡು ನುಂಗಿದ. ಯೋಗಾನಂದ ಎರಡೂ ಒಲೆಯ ಮುಂದೆ ಕೂತು ಎರಡು ಸಲ ಉಂಡ, ಎರಡೂ ಕಡೆ ಬೈಸಿಕೊಂಡ. ಮಳೆ ಹಿಡಿದ ಮೇಲೆ ಟಾರ್ಪಾಲಿನ ಹೊಟ್ಟೆಯಲ್ಲಿ ನೀರು ನಿಂತು ಒಂದು ಮಧ್ಯಾಹ್ನ ಪೂರ್ತಿ ಹಿಟ್ಟಿನ ಡಬ್ಬಿಯ ಮೇಲೇ ಸುರಿಯಿತು. ಚಪಾತಿ ತಡವಾಯಿತು. ಒಂದು ಪಿಜಿಯವನು "ನಾಳೆಯಿಂದ ಬೇಡ ಅಕ್ಕ, ಮೆಷಿನ್ ಚಪಾತಿ ಹೇಳಿದೀನಿ" ಅಂದ. ಅವಳು ಒದ್ದೆ ಹಿಟ್ಟನ್ನು ಬಾಚಿ, ಬಕೆಟ್ಟಿಗೆ ತುಂಬಿ, ಮಾವನ ಕೋಣೆಯ ಬಾಗಿಲಲ್ಲಿ ಇಟ್ಟು ಹೋದಳು. ಮುದುಕ ಆ ಬಕೆಟ್ಟನ್ನು ದಾಟಿಕೊಂಡೇ ಎರಡು ದಿನ ಓಡಾಡಿದ.

ಬೀದಿ ತುದಿಯಲ್ಲಿ ಬಾಲರಾಜನ ಅಂಗಡಿ. ಅವನು ಸಾಮಾನಿಗಿಂತ ಸಮಾಚಾರವನ್ನೇ ಹೆಚ್ಚು ಮಾರುವವನು. ಅವನ ಹೆಂಡತಿಯ ಊರೂ ರಾಜಾನುಕುಂಟೆ. ಇಲ್ಲಿ ಕೆಮ್ಮಿದರೆ ಅಲ್ಲಿ ಕಷಾಯ ಕಾಯಿಸುತ್ತಾರೆ. ಬ್ಯಾಟರಾಯಪ್ಪ ಅವನ ಅಂಗಡಿ ಮುಂದೆ ಬೀಡಿ ಹಚ್ಚಿಕೊಂಡು, "ಕಂಪನಿಯೋನ್ ಮುಂದೇನೇ ಸಹಿ ಆಕ್ದೆ ಕಣಯ್ಯ, ನಮ್ಮಪ್ಪನ ಕಾಲದ್ ಸೂರು ಅಂತ" ಎಂದು ಕೊಚ್ಚಿಕೊಂಡಿದ್ದ. ಮಾತು ಬಸ್ಸು ಹತ್ತಿ ರಾಜಾನುಕುಂಟೆಗೆ ಹೋಯಿತು.

ಆಷಾಢ ಶುರುವಾಗುವ ಮುಂಚೆ ಬೀದಿಯಲ್ಲಿ ಒಂದು ನಾಮಕರಣ. ಅದಕ್ಕೆ ಸುಬ್ರಮಣಿ ಬಂದಿದ್ದ. ಬಿಳಿ ಅಂಗಿ, ಬಿಳಿ ಕಾರು, ಮೈತುಂಬ ಲೇಔಟಿನ ಕೊಬ್ಬು. ತಂಗಿಯ ಮನೆ ಮುಂದೆ ಕಾರು ನಿಲ್ಲಿಸಿದ. ಶಶಿರೇಖಾ ಬಾಗಿಲಿಗೆ ಬಂದಳು. ಅಣ್ಣ ಬಂದ ಎಂದು ಅವಳ ಕೈ ತಾನಾಗಿ ಸೆರಗಿಗೆ ಹೋಗಿ ಮುಖ ಒರೆಸಿಕೊಂಡಿತು. ಅವನು ಒಳಗೆ ಬರಲಿಲ್ಲ. ಟಾರ್ಪಾಲು ನೋಡಿದ.

"ಏನಮ್ಮ, ಸೂರು ಹಾಕ್ಸ್ಬೇಕು ಅಂತ ಅತ್ತು ಕರೆದು ನಮ್ಮತ್ರ ದುಡ್ಡು ಇಸ್ಕೊಂಡೆ. ಈಗ್ ನೋಡಿದ್ರೆ ನಿಮ್ಮಾವ ಅಪ್ಪನ ಕಾಲದ ಸೂರು, ಒಂದ್ ಹೆಂಚೂ ಬದಲಾಯ್ಸಿಲ್ಲ ಅಂತ ಸೈನೇ ಹಾಕವ್ನಂತೆ? ಹಂಗಾದ್ರೆ ನಮ್ ದುಡ್ಡು ಎಲ್ ಹೋಯ್ತು? ನಿನ್ ಗಂಡನ್ ಗಾಡಿಗೆ ಹೋಯ್ತಾ?"

"ಅಣ್ಣಾ, ಸೂರಿಗೇ ಹಾಕಿದ್ದು. ಹಿಂದಿನ್ ಹೆಂಚು ನೋಡು ಬಾ."

"ನಾನ್ಯಾಕ್ ನೋಡ್ಲಿ? ಮನೆ ಯಜಮಾನನ ಮಾತು ಸುಳ್ಳಾ? ಕರಿ, ಅವನ ಬಾಯಲ್ಲೇ ಕೇಳಣ."

ಬೀದಿಯಲ್ಲಿ ನಾಮಕರಣಕ್ಕೆ ಬಂದವರೆಲ್ಲ ನಿಂತಿದ್ದರು. ಶಶಿರೇಖಾ ತಿರುಗಿ ನೋಡಿದಳು. ಮಾವನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮಂಚದ ಮೇಲೆ ಅವನ ಕಾಲು ಕಾಣುತ್ತಿತ್ತು.

"ಮಾವ," ಎಂದು ಕರೆದಳು. "ಮಾವ, ಬಂದು ಹೇಳಿ."

ಕಾಲು ಒಳಕ್ಕೆ ಸರಿಯಿತು. ಅಷ್ಟೇ.

"ದುಡ್ ತಿಂದ್ಬಿಟ್ಟು ಸೂರು ಅಂದ್ಳು," ಎಂದು ಸುಬ್ರಮಣಿ ನೆರೆದವರಿಗೆ ಹೇಳಿ ಕಾರು ಹತ್ತಿದ. ಶಶಿರೇಖಾ ಬಾಗಿಲಲ್ಲೇ ನಿಂತು ಅತ್ತಳು. ನಾಚಿಕೆಗೂ ಅತ್ತಳು, ಸಿಟ್ಟಿಗೂ ಅತ್ತಳು. ಶಿಲ್ಪ ಬಂದು ಅವಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

ಆವತ್ತು ಮುನಿಕೆಂಪಮ್ಮ ಗಂಡನಿಗೆ ತಟ್ಟೆ ಇಡಲಿಲ್ಲ.

"ಇಟ್ ಎಲ್ಲಿ?" ಎಂದ ಮುದುಕ.

"ಯಾವ್ ಬಾಯಿಗ್ ಆಕ್ಲಿ? ಅಪ್ಪನ್ ಕಾಲದ್ ಸೂರು ಅಂತ ಬೀದೀಲೆಲ್ಲಾ ಬೊಗಳಾಕ್ ಬಾಯ್ ಐತೆ. ಮನೆ ಮಗ್ಳು ಕರದ್ರೆ ಓ ಅನ್ನಾಕ್ ಬಾಯಿಲ್ಲ. ಅವ್ಳ್ನ ಕಳ್ಳಿ ಮಾಡ್ಬುಟ್ಟೆ ಅವ್ರಣ್ಣನ್ ಮುಂದೆ. ಕಾಲ್ ಒಳಿಕ್ ಎಳ್ಕಂಡ್ಯಲ್ಲ, ಆಮೆ ಎಳ್ಕಂಡಂಗೆ! ಥೂ ನಿನ್ನ."

"ಮನೆ ಓಗ್ತೈತೆ ಕಣೆ..."

"ಓಗ್ಲಿ. ಇಂಥ ಮನೆ ಇದ್ರೆಷ್ಟು, ಬಿಟ್ರೆಷ್ಟು? ನಾಳೆ ಅವ್ರ ಆಪೀಸಿಗ್ ಓಗಿಲ್ಲ ಅಂದ್ರೆ ನಿಂಗ್ ಇಟ್ ತಿರ್ವಾಕೆ ಇನ್ನೊಬ್ಳ್ನ ನೋಡ್ಕೊ."

ಐವತ್ತು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಮಾತಾಡಿದ್ದು ಅದೇ ಮೊದಲು. ಮುದುಕ ನೀರು ಕುಡಿದು ಮಲಗಿದ.

ಮಾರನೆಯ ದಿನ ಯೋಗಾನಂದ ಗೂಡ್ಸ್ ಗಾಡಿಯಲ್ಲೇ ಎಲ್ಲರನ್ನೂ ಹೆಬ್ಬಾಳದ ಕಚೇರಿಗೆ ಕರೆದೊಯ್ದ. ಮುಂದೆ ಅಪ್ಪ, ಹಿಂದೆ ಈರುಳ್ಳಿ ಸಿಪ್ಪೆಯ ಮೇಲೆ ಹೆಂಡತಿ, ಮಗಳು. ಫ್ಲೈಓವರ್ ಕೆಳಗೆ ಗಾಡಿಗಳು ಮಿಸುಕಾಡದೆ ನಿಂತಾಗ ಮುದುಕ "ವಾಪಸ್ ಓಗಣ, ಟ್ರಾಪಿಕ್ಕು" ಅಂದ. ಯೋಗಾನಂದ ಜನ್ಮದಲ್ಲಿ ಮೊದಲ ಸಲ ಅಪ್ಪನಿಗೆ "ಸುಮ್ನೆ ಕೂತ್ಕೋ" ಅಂದ.

ಕಚೇರಿಯಲ್ಲಿ ಮಂಜುಶ್ರೀ ಎಂಬ ಅಧಿಕಾರಿ. ಬ್ಯಾಟರಾಯಪ್ಪ ಕೂರುವ ಮುಂಚೆ ಅವಳ ಮೇಜಿನ ಮೇಲೆಲ್ಲ ಕಣ್ಣಾಡಿಸಿದ. ಟೇಪು ಇರಲಿಲ್ಲ.

"ಈ ಸೂರು ಯಾವಾಗ ಹಾಕಿದ್ದು, ಹೇಳಿ ಯಜಮಾನ್ರೆ."

"ಇದು ಬಡಾವಣೆಯೋರ್ಗೆ ಓಗ್ತೈತಾ ತಾಯಿ?"

"ಯಾವ ಬಡಾವಣೆ? ಇಲ್ಲೇ ಇರುತ್ತೆ."

ಮುದುಕ ಗಂಟಲು ಸರಿಮಾಡಿಕೊಂಡ. "ನನ್ ಮೊಮ್ಮಗ್ಳು ಐಸ್ಕೂಲಲ್ಲಿದ್ದಾಗ ಆಕಿದ್ದು. ಮುಂದಿನ್ ಸಾಲ್ ಮಾತ್ರ ಅಳೇದು. ಅವತ್ತು ಬಾಯ್ತಪ್ಪಿ ಬಂತು."

"ಯಾರು ಹಾಕ್ಸಿದ್ದು?"

ಶಶಿರೇಖಾ ಅವನ ಬಾಯಿ ನೋಡಿದಳು.

"ಮನೆಯೋರು," ಎಂದ ಮುದುಕ.

"ಮನೆಯೋರು ಅಂದ್ರೆ ಯಾರು ಅಂತ ಹೇಳಿ ಮಾವ."

"ಅದೆಲ್ಲ ನಮ್ಗೆ ಬೇಡಮ್ಮ," ಎಂದಳು ಮಂಜುಶ್ರೀ. "ವರ್ಷ ಗೊತ್ತಾದ್ರೆ ಸಾಕು. ಫೋಟೋನೂ ಸರಿ ಇದೆ. ಇಲ್ಲಿ ಸೈನ್ ಹಾಕಿ."

ಮುದುಕ ಸಹಿ ಹಾಕಿ ಜಯಿಸಿದವನ ಹಾಗೆ ಎದ್ದ. ಮೆಟ್ಟಿಲಲ್ಲಿ ಶಶಿರೇಖಾ ಅವನನ್ನು ತಡೆದಳು.

"ಕಂಪನಿಗೆ ವರ್ಷ ಸಾಕು. ನಂಗೆ ಸಾಲಲ್ಲ."

"ಇನ್ನೇನ್ ಬೇಕು ನಿಂಗೆ? ದುಡ್ ಬತ್ತದಲ್ಲ."

"ನಮ್ಮಣ್ಣನ ಮುಂದೆ ನಾನ್ ಕಳ್ಳಿ ಆದ್ನಲ್ಲ, ಅದಕ್ಕೆ ಯಾವ್ ಕಂಪನಿ ಕೊಡ್ತದೆ?"

"ಕಂಪನೀಲಿ ಏಳಿದ್ದು ಕಂಪನೀಗೆ. ಊರಲ್ಲಿ ನಾನಿನ್ನೂ ತಲೆ ಎತ್ಕಂಡ್ ತಿರುಗ್ಬೇಕು," ಎಂದು ಅವನು ಗಾಡಿ ಹತ್ತಿದ. ಸೊಸೆಯ ತವರಿನ ದುಡ್ಡಲ್ಲಿ ಸೂರು ಹೊದ್ದುಕೊಂಡ ಎಂದು ಊರು ಆಡಿಕೊಂಡೀತು ಎಂಬುದು ಅವನಿಗೆ ಟೇಪಿಗಿಂತ ದೊಡ್ಡ ಭಯ. ಅದು ಅವಳಿಗೆ ಆವತ್ತೇ ಅರ್ಥವಾದದ್ದು.

ದುಡ್ಡು ಬಂತು. ಸೂರಿಗೆ ವಯಸ್ಸಾಗಿದೆ ಎಂದು ಒಂದಿಷ್ಟು ಕತ್ತರಿಸಿಕೊಂಡೇ ಬಂತು. ಮುದುಕನ ಖಾತೆಗೆ ಬಿದ್ದದ್ದನ್ನು ಯೋಗಾನಂದ ಅಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೆಗೆಸಿ ತಂದು ಹೆಂಡತಿಯ ಕೈಗಿಟ್ಟ. ಶ್ರಾವಣದ ಬಿಸಿಲು ನೋಡಿ ಅಕ್ಬರ್ ಪಾಷಾ ಎಂಬ ಮೇಸ್ತ್ರಿ ಬಂದ. ನಡುಮನೆ ಆಯಿತು, ಅಡುಗೆಮನೆ ಆಯಿತು, ಕೋಣೆ ಆಯಿತು. ಒಲೆ ಮತ್ತೆ ಅಡುಗೆಮನೆಗೆ ಬಂತು.

"ಸ್ವಲ್ಪ ಆಚೆ ಈಚೆ ಅಡ್ಜಸ್ಟ್ ಮಾಡಿದ್ರೆ ಮುಂದಿನ್ ರೂಮೂ ಆಗುತ್ತಕ್ಕ," ಎಂದ ಅಕ್ಬರ್ ಪಾಷಾ.

"ಬೇಡ," ಎಂದಳು ಶಶಿರೇಖಾ.

ಜಗಲಿಯಲ್ಲಿದ್ದ ಮುದುಕನಿಗೆ ಕೇಳಿಸಿತು. "ಬ್ಯಾಡ ಅಂದ್ರೆ? ನಾನೆಲ್ ಮಲೀಕ್ಕಳ್ಳಿ?"

"ನಿಮ್ಮ ಕೋಣೇಲೇ ಮಲಕ್ಕೊಳಿ ಮಾವ. ನಿಮ್ಮಪ್ಪನ ಹೆಂಚು ಹಿತ್ತಲಲ್ಲಿ ರಾಶಿ ಬಿದ್ದವೆ. ಪೂರ್ತಿ ಅದನ್ನೇ ಹಾಕಿಸ್ತೀನಿ. ಟೇಪಿನೋರು ಬಂದ್ರೆ ಒಂದ್ ಸಾಲಲ್ಲ, ಇಡೀ ಕೋಣೇನೇ ತೋರಿಸ್ಬಹುದು."

"ಅಕ್ಕ, ಅವು ಸೀಳು ಬಿಟ್ಟಿವೆ. ಸೋರುತ್ತೆ," ಎಂದ ಅಕ್ಬರ್ ಪಾಷಾ.

"ಸೋರಲ್ಲ. ಅಷ್ಟ್ ವರ್ಷದಿಂದ ಒಂದೂ ಬದಲಾಯ್ಸಿಲ್ವಂತೆ, ಅವರೇ ಹೇಳ್ತಾರೆ."

ಮುನಿಕೆಂಪಮ್ಮ ಬಾಯಿ ತೆರೆದವಳು ಸೊಪ್ಪು ಬಿಡಿಸಲು ಕೂತಳು. ಯೋಗಾನಂದ ಯಾರ್ಡಿಗೆ ಹೊರಟ. ಮುದುಕ ದುರುಗುಟ್ಟಿ ನೋಡಿ, "ಆಕ್ಸು, ನಮ್ಮಪ್ಪಂದೇ ಆಕ್ಸು. ಯಾವಳ್ ರುಣಾನೂ ನಂಗ್ ಬ್ಯಾಡ" ಅಂದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಗೌರಿ ಹಬ್ಬದ ದಿನ ಮಧ್ಯಾಹ್ನದಿಂದಲೇ ಮೋಡ. ಬೀದಿಯ ಮನೆಮನೆಗೂ ತವರಿನಿಂದ ಬಾಗಿನ ಬರುತ್ತಿತ್ತು. ಶಶಿರೇಖಾ ಬಾಗಿಲ ಕಡೆ ನೋಡದೆ ಒಬ್ಬಟ್ಟು ತಟ್ಟುತ್ತಿದ್ದಳು. ಮಳೆ ಒಮ್ಮೆಗೇ ಸುರಿಯಿತು. ಹೊಸ ಹೆಂಚಿನ ಮೇಲೆ ಒಂದೇ ಸಮನೆ ಸದ್ದು. ಅವಳು ಕಣಕ ಮೆತ್ತಿದ ಕೈಯಲ್ಲೇ ಎದ್ದು ಮೂರೂ ಕಡೆ ತಲೆ ಎತ್ತಿ ನೋಡಿದಳು. ಒಂದು ಹನಿ ಇಲ್ಲ.

ಮುಂದಿನ ಕೋಣೆಯಲ್ಲಿ ಟಪ್ ಟಪ್ ಶುರುವಾಯಿತು. ಮುದುಕ ಮೊದಲು ಚೊಂಬು ಇಟ್ಟ. ಆಮೇಲೆ ಬಕೆಟ್ಟು. ಆಮೇಲೆ ಇಡಲು ಏನೂ ಉಳಿಯಲಿಲ್ಲ. ಹಾಸಿಗೆ ಸುತ್ತಿ ಕಂಕುಳಲ್ಲಿ ಹಿಡಿದು ಮೂಲೆಯಿಂದ ಮೂಲೆಗೆ ಸರಿದ.

"ನಡ್ಮನೇಗ್ ಬಾ, ನಿನ್ ಮೊಂಡಾಟ ಸಾಕು," ಎಂದು ಮುನಿಕೆಂಪಮ್ಮ ಕೂಗಿದಳು.

"ಅದು ಅವ್ಳ ಸೂರು. ಕರೀದೆ ಎಂಗ್ ಬರ್ಲಿ?"

ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುವ ಕೈ ನಿಂತಿತು. ಶಶಿರೇಖಾ ಕೂತಲ್ಲಿಂದಲೇ ಹೇಳಿದಳು: "ನನ್ ಸೂರು ಅಂತ ಗೋಡೆ ಮುಂದೆ ಹೇಳಿದ್ರೆ ಆಗಲ್ಲ ಅನ್ನಿ ಅತ್ತೆ. ನಾನ್ ಕಳ್ಳಿ ಅನ್ನಿಸ್ಕೊಂಡಿದ್ದು ಬೀದೀಲಿ."

ಮುದುಕ ಹಾಸಿಗೆ ಹಿಡಿದು ಜಗಲಿಗೆ ಬಂದು ನಿಂತ. ಅಲ್ಲಿಯೂ ಮುಂದಿನ ಸಾಲು ಸೋರುತ್ತಿತ್ತು. ತಲೆ ಮೇಲೆ, ಹೆಗಲ ಮೇಲೆ ಹನಿ. ಅದೇ ಹೊತ್ತಿಗೆ ಬಾಲರಾಜ ಕೊಡೆ ಹಿಡಿದು ಅಂಗಡಿಗೆ ಓಡುತ್ತಿದ್ದವನು ನಿಂತ. ಎದುರು ಮನೆಯ ಸೂರಿನ ಕೆಳಗೆ ಬಾಗಿನ ತಂದವರು ಆರೇಳು ಜನ ಮಳೆಗೆ ನಿಂತಿದ್ದರು.

"ಏನ್ ಬ್ಯಾಟರಾಯಪ್ನೋರೆ! ಅಪ್ಪನ್ ಕಾಲದ್ ಸೂರು ಸೋರ್ತಾ ಇದ್ಯಾ?"

ಎದುರಿನವರು ನಕ್ಕರು. ಮುದುಕ ಬಾಲರಾಜನನ್ನು ನೋಡಿದ, ಅವರನ್ನು ನೋಡಿದ, ಒಳಗೆ ತಿರುಗಿ ನೋಡಿದ. ಬಿಟ್ಟರೆ ಎಲ್ಲರ ಮೇಲೂ ಹಾಸಿಗೆ ಎಸೆಯುವಷ್ಟು ಸಿಟ್ಟು ಅವನಿಗೆ.

"ನಮ್ಮಪ್ಪಂದು ಸೋರ್ತೈತೆ ಕಣಲಾ!" ಎಂದು ಕಿರುಚಿದ. "ನನ್ ಸೊಸೇದು ಸೋರಾಕಿಲ್ಲ!"

"ಏನಂದ್ರಿ?"

"ಕಿವಿ ಕೇಳಾಕಿಲ್ವಾ? ಇಂದ್ಗಡೆ ಸೂರೆಲ್ಲಾ ನನ್ ಸೊಸೇದು. ಅವಾಗ್ಲೂ ಅವ್ಳ್ದೇ, ಈಗ್ಲೂ ಅವ್ಳ್ದೇ. ತವ್ರಲ್ಲಿ ಸಹಿ ಆಕಿ ತಂದ್ ದುಡ್ಡು, ಒಂದ್ ಕಾಸು ಆಚೀಚೆ ಓಗಿಲ್ಲ. ನಾನೇ ಸುಳ್ ಏಳಿದ್ದು. ಊರಿಗೆಲ್ಲಾ ಸಾರ್ತೀಯಲ್ಲ, ಇದ್ನೂ ಸಾರು ಓಗು. ರಾಜಾನುಕುಂಟೆಗೂ ಏಳು!"

ಎದುರಿನವರ ನಗು ನಿಂತಿತು. ಬಾಲರಾಜ ಕೊಡೆಯನ್ನು ಇನ್ನಷ್ಟು ತಗ್ಗಿಸಿಕೊಂಡು ಹೊರಟ. ಸಂಜೆಯೊಳಗೆ ಮಾತು ಎಲ್ಲಿ ಮುಟ್ಟಬೇಕೋ ಅಲ್ಲಿ ಮುಟ್ಟುತ್ತದೆ, ಅದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಮುದುಕ ಜಗಲಿಯಲ್ಲೇ ನೆನೆಯುತ್ತ ನಿಂತಿದ್ದ. ಒಳಗೆ ತಟ್ಟೆ ಇಟ್ಟ ಸದ್ದಾಯಿತು. ನಡುಮನೆಯಲ್ಲಿ, ಹೊಸ ಹೆಂಚಿನ ಕೆಳಗೆ, ಗೋಡೆ ಪಕ್ಕ. ಶಶಿರೇಖಾ ಅದರ ಮೇಲೆ ಬಿಸಿ ಒಬ್ಬಟ್ಟು ಹಾಕಿ ತುಪ್ಪ ಬಿಟ್ಟಳು. ಅವನ ಮುಖ ನೋಡಲಿಲ್ಲ.

"ಕಾಲ್ ಒರಸ್ಕೊಂಡ್ ಒಳಗ್ ಬನ್ನಿ," ಎಂದಳು. "ನನ್ ನೆಲ ಒದ್ದೆ ಆಗ್ತದೆ."